ಗಾಲಿಯೊಳಗಿನ ಗಾಳಿ

ಗಾಲಿಗೂ ಗಾಳಿಗೂ ನಮ್ಮ ನುಡಿಯಲ್ಲಿ ಒಂದೇ ಅಕ್ಷರದ ಅಂತರ. ವಾಹನವೇರಿ ಹೊರಟವನಿಗೆ ಆ ಅಂತರವೂ ಉಳಿಯದು. ಗಾಳಿ ಹೋದ ಗಾಲಿ ಗಾಲಿಯೇ ಅಲ್ಲ. ಡಾಂಬರು ರಸ್ತೆಯಲ್ಲಿ ಈ ಮಾತು ನೆನಪಾಗುವುದು ಅಪರೂಪ. ಆದರೆ ಜೀಪುಗಳು ಕೊಡಚಾದ್ರಿಯನ್ನೇರುವ ಕಲ್ಲುದಾರಿಯಂಥ ಎಡೆಗಳಲ್ಲಿ, ಕೂಗಳತೆಯಲ್ಲಿ ಪಂಕ್ಚರ್ ಅಂಗಡಿಯಿಲ್ಲದ ಕಡೆಗಳಲ್ಲಿ, ಪ್ರಯಾಣದ ಅಳಿವು ಉಳಿವು ಅದನ್ನೇ ಅವಲಂಬಿಸಿರುತ್ತದೆ. ಆ ಗಾಳಿಯನ್ನು ಪ್ರತ್ಯೇಕವಾದ ಟ್ಯೂಬಿನಲ್ಲಿ ತುಂಬಬೇಕೋ, ಟೈರಿಗೇ ಒಪ್ಪಿಸಬೇಕೋ ಎಂಬ ಚರ್ಚೆಗೆ ಅರ್ಥ ಬರುವುದು ಅಲ್ಲಿಯೇ.

ಚರಿತ್ರೆಯಲ್ಲಿ ಟ್ಯೂಬೇ ಹಿರಿಯದು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಗಾಲಿಯ ಸೈಕಲ್ಲು ಕುಲುಕದೆ ಓಡಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಕಟ್ಟಿದನು. 1888ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅಲ್ಲಿಂದ ಅರ್ಧ ಶತಮಾನಕ್ಕೂ ಮಿಕ್ಕಿ, ಗಾಳಿಯನ್ನು ಹಿಡಿಯುವುದು ಟ್ಯೂಬಿನ ಕೆಲಸ, ನೆಲದ ಪೆಟ್ಟು ತಿನ್ನುವುದು ಟೈರಿನ ಕೆಲಸ ಎಂಬ ಹಂಚಿಕೆ ನಡೆದುಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಬಿ. ಎಫ್. ಗುಡ್‌ರಿಚ್ ಸಂಸ್ಥೆಯ ಫ್ರ್ಯಾಂಕ್ ಹರ್ಜೆಗ್ ಈ ಎರಡು ಕೆಲಸಗಳನ್ನೂ ಟೈರಿಗೇ ವಹಿಸಿದನು. 1952ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. 1955ರ ಹೊತ್ತಿಗೆ ಆ ದೇಶದ ಹೊಸ ಕಾರುಗಳಲ್ಲಿ ಟ್ಯೂಬ್‌ಲೆಸ್ ಟೈರೇ ವಾಡಿಕೆಯಾಯಿತು. ಮೊದಲನೆಯದು ದ್ವೈತ, ಎರಡನೆಯದು ಅದ್ವೈತ ಎಂದು ನಗೆಯಾಡಬಹುದು. ಆದರೆ ಈ ಅದ್ವೈತಕ್ಕೂ ರಿಮ್ಮಿನ ಹಂಗು ತಪ್ಪಿಲ್ಲ. ಟೈರಿನ ಅಂಚು ರಿಮ್ಮಿಗೆ ಒತ್ತಿ ಕುಳಿತರೆ ಮಾತ್ರ ಗಾಳಿ ನಿಲ್ಲುತ್ತದೆ.

ಮುಳ್ಳು ಮೊಳೆಗಳ ಮಟ್ಟಿಗೆ ಟ್ಯೂಬ್‌ಲೆಸ್ಸಿನದೇ ಮೇಲುಗೈ. ತೂತಾದ ಟ್ಯೂಬಿನಿಂದ ಗಾಳಿ ಬೇಗನೆ ಹೊರಬೀಳುತ್ತದೆ. ಗಾಲಿ ಕಳಚಿ, ಟೈರು ಬಿಚ್ಚಿ, ಟ್ಯೂಬು ಹೊರತೆಗೆದು ತೇಪೆ ಹಾಕಬೇಕು. ಟ್ಯೂಬ್‌ಲೆಸ್ ಟೈರಿನ ರಬ್ಬರಾದರೋ ಹೊಕ್ಕ ಮೊಳೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಗಾಳಿ ಮೆಲ್ಲನೆ ಸೋರುತ್ತದೆ. ಗಾಲಿ ಬಿಚ್ಚದೆ ಹೊರಗಿನಿಂದಲೇ ರಬ್ಬರಿನ ಎಳೆಯೊಂದನ್ನು ತೂತಿಗೆ ತುರುಕಿ ಮುಂದೆ ಸಾಗಬಹುದು.

ಆದರೆ ದಾರಿಯಿಲ್ಲದ ದಾರಿಗೆ ಮತ್ತೊಂದು ನಿಯಮವಿದೆ: ಅಲ್ಲಿ ಗಾಳಿಯನ್ನು ಬೇಕೆಂದೇ ಇಳಿಸಬೇಕು. 1920 ಮತ್ತು 1930ರ ದಶಕಗಳಲ್ಲಿ ಲಿಬಿಯಾದ ಮರಳುಗಾಡನ್ನು ಕಾರುಗಳಲ್ಲಿ ಅಲೆದ ಆಂಗ್ಲ ಸೈನ್ಯಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ ಮತ್ತು ಸಂಗಡಿಗರು ಈ ಉಪಾಯವನ್ನು ಚೆನ್ನಾಗಿ ಬಳಸಿದರು. ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ ಹೆಚ್ಚು ನೆಲವನ್ನು ತಬ್ಬುತ್ತದೆ. ಭಾರ ಹರಡಿಕೊಂಡು ಗಾಲಿ ಹೂಳದೆ ತೇಲುತ್ತದೆ. ರಸ್ತೆಯಲ್ಲಿ ಚದರಂಗುಲಕ್ಕೆ 30 ಪೌಂಡಿನ ಆಸುಪಾಸಿನ ಒತ್ತಡದಲ್ಲಿ ಓಡುವ ಟೈರನ್ನು ಮರಳಿನಲ್ಲಿ ಅದರ ಅರ್ಧಕ್ಕೆ ಇಳಿಸುವುದುಂಟು.

ಈ ಉಪಾಯಕ್ಕೆ ತೆರಬೇಕಾದ ಬೆಲೆ ಎರಡಕ್ಕೂ ಬೇರೆ ಬೇರೆ. ಟ್ಯೂಬುಳ್ಳ ಗಾಲಿಯಲ್ಲಿ ಸಡಿಲಗೊಂಡ ಟೈರು ರಿಮ್ಮಿನ ಮೇಲೆ ಜಾರಿದರೆ ಟ್ಯೂಬನ್ನೂ ಎಳೆದೊಯ್ಯುತ್ತದೆ. ವಾಲ್ವಿನ ಬುಡ ಹರಿಯುತ್ತದೆ. ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕ ಟ್ಯೂಬಿಗೆ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಟ್ಯೂಬ್‌ಲೆಸ್ಸಿಗೆ ಈ ಭಯವಿಲ್ಲ. ಆದರೆ ಓರೆ ತಿರುವಿನಲ್ಲಿ ಅದರ ಅಂಚು ರಿಮ್ಮಿನಿಂದ ಎದ್ದಿತೆಂದರೆ ಗಾಳಿಯೆಲ್ಲ ಒಮ್ಮೆಲೇ ಮಾಯ. ಅದನ್ನು ಮರಳಿ ಕೂರಿಸಲು ಗಾಳಿ ರಭಸದಿಂದ ನುಗ್ಗಬೇಕು. ಕಾಲಿನಿಂದ ತುಳಿಯುವ ಪಂಪಿಗೆ ಆ ಶಕ್ತಿ ಸಾಲುವುದು ಕಷ್ಟ.

ಬಂಡೆಗೆ ಬಡಿದು ರಿಮ್ಮು ಸೊಟ್ಟಗಾದರೂ, ಟೈರಿನ ಪಕ್ಕೆ ಸೀಳಿದರೂ ಟ್ಯೂಬ್‌ಲೆಸ್ ಸೋಲುತ್ತದೆ. ಪಕ್ಕೆಯು ಓಟದುದ್ದಕ್ಕೂ ಬಾಗಿ ಬಳುಕುವ ಭಾಗ. ತೂತಿಗೆ ತುರುಕಿದ ಎಳೆಯನ್ನು ಅಲ್ಲಿ ನಂಬಲಾಗದು. ಆಗ ಒಳಗಿನಿಂದ ಗಟ್ಟಿ ರಬ್ಬರಿನ ತುಂಡೊಂದನ್ನು ಆಸರೆಯಾಗಿಟ್ಟು ಟ್ಯೂಬು ಹಾಕಿದರೆ, ಮೆಲ್ಲಗೆ ನಡೆಸಿಕೊಂಡು ಹತ್ತಿರದ ಊರು ಸೇರಬಹುದು. ಕಡ್ಡಿಗಾಲಿಯ ಮೋಟಾರ್ ಸೈಕಲ್ಲುಗಳು ಬಹುಕಾಲ ಟ್ಯೂಬನ್ನು ಬಿಡದಿರಲು ಕಾರಣ ಬೇರೆ: ಕಡ್ಡಿಗಳಿಗಾಗಿ ರಿಮ್ಮಿನಲ್ಲಿ ಕೊರೆದ ರಂಧ್ರಗಳಲ್ಲಿ ಗಾಳಿ ಸೋರುತ್ತದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೂಡ ಟ್ಯೂಬನ್ನೇ ಹೊತ್ತು ಬಂದಿತು. ಕಡ್ಡಿಗಳನ್ನು ರಿಮ್ಮಿನ ಹೊರ ಅಂಚಿಗೆ ಜೋಡಿಸಿ ಆ ತೊಡಕನ್ನು ನೀಗಿದ ಗಾಲಿಗಳು ಈಗ ಉಂಟು.

ಹಾಗೆಂದು ಟ್ಯೂಬ್‌ಲೆಸ್ ಟೈರಿನೊಳಗೆ ಖಾಯಮ್ಮಾಗಿ ಟ್ಯೂಬು ತುರುಕುವುದು ಜಾಣತನವಲ್ಲ. ಎರಡರ ತಿಕ್ಕಾಟದಿಂದ ಕಾವೇರುತ್ತದೆ, ಟ್ಯೂಬು ಸವೆಯುತ್ತದೆ. ವೇಗದಲ್ಲಿ ಅದು ಒಡೆದರೆ ಅಪಾಯ ಸಣ್ಣದಲ್ಲ. ಆಪತ್ತಿಗೆ ಒದಗಿದ ನೆಂಟನನ್ನು ಮನೆಯ ಯಜಮಾನನನ್ನಾಗಿ ಮಾಡಬಾರದು.

ಆದುದರಿಂದ ಯಾವುದು ಹೊಸದು, ಯಾವುದು ಹಳೆಯದು ಎಂಬ ಜಿಜ್ಞಾಸೆ ಪೇಟೆಯವರಿಗಿರಲಿ. ಕಾಡುದಾರಿಯ ಪಯಣಿಗನು ಕೇಳಿಕೊಳ್ಳಬೇಕಾದುದು ಒಂದೇ: ಕೆಟ್ಟರೆ, ನಿಂತ ನೆಲದಲ್ಲಿ, ಇರುವ ಸಲಕರಣೆಯಿಂದ, ನನ್ನ ಕೈ ಯಾವುದನ್ನು ಸರಿಪಡಿಸಬಲ್ಲುದು? ರಿಮ್ಮು ಅದಕ್ಕೆ ತಕ್ಕುದಾಗಿದ್ದರೆ ಗಾಲಿಯಲ್ಲಿ ಟ್ಯೂಬ್‌ಲೆಸ್ ಇರಲಿ. ಆದರೆ ಅಳತೆಗೊಪ್ಪುವ ಟ್ಯೂಬೊಂದು, ಟೈರು ಬಿಚ್ಚುವ ಸನಿಕೆಗಳು ಮತ್ತು ಒಂದು ಪಂಪು ಹಿಂಬದಿಯ ಪೆಟ್ಟಿಗೆಯಲ್ಲಿರಲಿ. ಹೊರಡುವ ಮುನ್ನ ಅವುಗಳ ಬಳಕೆಯನ್ನು ಮನೆಯಂಗಳದಲ್ಲಿ ಒಮ್ಮೆ ಕೈಯಾರೆ ಮಾಡಿ ಕಲಿತದ್ದಾಗಿರಲಿ.