ಪರದೇಶಕ್ಕೆ ಹೊರಡುವ ಮುನ್ನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ದೇಶ ಸುತ್ತಿ ಬರುವುದು ಬೇರೆ, ದೇಶ ಬಿಟ್ಟು ಹೋಗಿ ನೆಲಸುವುದು ಬೇರೆ. ನಮ್ಮ ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಬರೆದ ‘ಅಮೆರಿಕಾದಲ್ಲಿ ಗೊರೂರು’ ಎಂಬ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗೊರೂರರು ನೋಡಲು ಹೋದವರು. ನೋಡಿ, ನಕ್ಕು, ಹಿಂದಿರುಗಿದರು. ದುಡಿಯಲು ಹೋಗುವವರಿಗೆ ಅಂಥ ನಿರಾಳ ಇರುವುದಿಲ್ಲ. ಅವರ ಸಿದ್ಧತೆ ವಿಮಾನ ಏರುವ ದಿನಕ್ಕೆ ಎಷ್ಟೋ ಮುಂಚೆಯೇ ಪ್ರಾರಂಭವಾಗುತ್ತದೆ. ಆ ಸಿದ್ಧತೆ ಯಾವುದು ಎಂಬುದನ್ನು ನನ್ನ ಅಲ್ಪ ಅನುಭವಕ್ಕೆ ಬಂದಷ್ಟು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮದು ಸಕಲೇಶಪುರ ತಾಲ್ಲೂಕಿನ ವನಗೂರು. ಕೊಡಗಿನ ಗಡಿಯ ಕಡೆಗೆ ಇರುವ ಮಳೆಯ ಊರು. ಪರದೇಶ ಎಂಬುದು ಈ ಸೀಮೆಗೆ ಹೊಸದೇನಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಎಂಬಾತ 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ಕಾಡು ಕಡಿಸಿ ಕಾಫಿ ತೋಟ ಮಾಡಿದ. ಆ ಅನುಭವವನ್ನು 1871ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಆಗ ಅಲ್ಲಿಯವರು ಇಲ್ಲಿಗೆ ಬರುತ್ತಿದ್ದರು. ಈಗ ಇಲ್ಲಿಯವರು ಅಲ್ಲಿಗೆ ಹೋಗುತ್ತಿದ್ದಾರೆ. ಎರಡು ವರ್ಷಗಳ ಹಿಂದೆ ನನ್ನ ಅಕ್ಕ ನರ್ಸಾಗಿ ಇಂಗ್ಲೆಂಡಿಗೆ ಹೋದಳು. ಅವಳು ಆಸ್ಪತ್ರೆಯ ಪಾಳಿಯಲ್ಲಿ ಇರುತ್ತಿದ್ದುದರಿಂದ ಕಾಗದಪತ್ರಗಳ ಓಡಾಟ ನನ್ನ ಪಾಲಿಗೆ ಬಂತು.

ಮೊದಲನೆಯ ತೊಡಕು ಹೆಸರಿನದು. ನಮ್ಮ ಕಡೆ ಹೆಸರಿನ ಹಿಂದೆ ಮನೆತನದ ಹೆಸರು ಇಡುವ ವಾಡಿಕೆ ಕಡಿಮೆ. ಮುಂದೆ ಎರಡು ಅಕ್ಷರ ಇರುತ್ತವೆ: ಒಂದು ಊರಿನದು, ಇನ್ನೊಂದು ತಂದೆಯದು. ಅಕ್ಕನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಈ ಅಕ್ಷರಗಳು ಮುಂದಿದ್ದವು, ನರ್ಸಿಂಗ್ ಪ್ರಮಾಣಪತ್ರದಲ್ಲಿ ಹಿಂದಿದ್ದವು, ಆಧಾರ್ ಚೀಟಿಯಲ್ಲಿ ಅವುಗಳ ಬದಲು ಅಪ್ಪನ ಪೂರ್ತಿ ಹೆಸರು ಇತ್ತು. ಪಾಸ್‌ಪೋರ್ಟಿನಲ್ಲಿ ಬರೀ ಅಕ್ಷರಗಳನ್ನು ಹಾಕುವುದಿಲ್ಲ, ಬಿಡಿಸಿ ಬರೆಯಬೇಕು. ಕುಲನಾಮದ ಜಾಗವನ್ನು ಖಾಲಿ ಬಿಡಬಹುದು. ಬಿಟ್ಟರೆ ಮುಂದೆ ತೊಂದರೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ, ಒಂದೇ ಹೆಸರಿನ ಪಾಸ್‌ಪೋರ್ಟ್ ಉಳ್ಳವರಿಗೆ ಸಂದರ್ಶನದ ವೀಸಾ ಕೊಡುವುದಿಲ್ಲವೆಂದು ಪ್ರಕಟಿಸಿತು. ಹಾಸನದ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುವ ಹಿಂದಿನ ರಾತ್ರಿ ಅಕ್ಕ ಬಹಳ ಯೋಚಿಸಿ, ಆ ಜಾಗದಲ್ಲಿ ‘ವನಗೂರು’ ಎಂದು ಬರೆದಳು. ಮಿಕ್ಕ ಪತ್ರಗಳ ಹೆಸರೂ ಇವಳದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದೆವು. ಇದಕ್ಕೆಲ್ಲ ನಾಲ್ಕು ತಿಂಗಳು ಹಿಡಿಯಿತು. ಆದುದರಿಂದ ಹೊರಗೆ ಹೋಗುವ ಯೋಚನೆ ಇದ್ದವರು, ಇಲ್ಲದವರು ಸಹ, ಪದವಿ ಮುಗಿಯುವುದರೊಳಗೆ ತಮ್ಮ ಎಲ್ಲ ಪತ್ರಗಳನ್ನು ಒಂದು ಮೇಜಿನ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಮಧ್ಯಸ್ಥರ ವಿಷಯ. ಅಕ್ಕ ಹೊರಡುವ ಸುದ್ದಿ ಹಬ್ಬಿದ ಕೂಡಲೇ ಒಬ್ಬ ಮಹನೀಯರು ಮನೆಗೇ ಬಂದು, ಮೂರು ಲಕ್ಷ ಕೊಟ್ಟರೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಅಪ್ಪ ಕಾಳುಮೆಣಸು ಮಾರಿದ ಹಣ ಲೆಕ್ಕ ಹಾಕತೊಡಗಿದ್ದರು. 1983ರ ವಲಸೆ ಕಾಯಿದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಪಟ್ಟಿ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಬಂದವರ ಹೆಸರು ಅದರಲ್ಲಿ ಇರಲಿಲ್ಲ. ಅಲ್ಲದೆ ಬ್ರಿಟನ್ನಿನ ಆರೋಗ್ಯ ಇಲಾಖೆಯ ನೇಮಕಾತಿ ಸಂಹಿತೆಯಂತೆ ಕೆಲಸ ಕೊಡಿಸುವುದಕ್ಕಾಗಿ ನರ್ಸಿನಿಂದ ಶುಲ್ಕ ವಸೂಲು ಮಾಡುವಂತಿಲ್ಲ. ಇಷ್ಟು ತಿಳಿದ ಮೇಲೆ ಮೆಣಸಿನ ಹಣ ಮನೆಯಲ್ಲೇ ಉಳಿಯಿತು. ಆಸ್ಪತ್ರೆಯವರೇ ಅಕ್ಕನನ್ನು ನೇರವಾಗಿ ಸಂದರ್ಶಿಸಿ ತೆಗೆದುಕೊಂಡರು.

ಮೂರನೆಯದು ಭಾಷೆ. ಅಕ್ಕ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬ್ರಿಟನ್ನಿನ ನರ್ಸುಗಳ ಮಂಡಲಿಯು ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಮಾತನಾಡುವುದು ಈ ಮೂರಕ್ಕೂ 7 ಅಂಕ, ಬರವಣಿಗೆಗೆ 6.5 ಅಂಕ ಕೇಳುತ್ತದೆ. ಮೊದಲ ಸಲ ಅಕ್ಕನಿಗೆ ಬರವಣಿಗೆಯಲ್ಲಿ 6 ಬಂತು. ಅರ್ಧ ಅಂಕಕ್ಕಾಗಿ ಆರು ತಿಂಗಳು ಹೋಯಿತು. ಅವಳ ಬರಹಗಳನ್ನು ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರಿಗೆ ತೋರಿಸಿದಾಗ ಅವರು ಹೇಳಿದ ಮಾತು ಇಲ್ಲಿ ಉಪಯುಕ್ತ: ‘ವ್ಯಾಕರಣದ ತಪ್ಪು ಹೆಚ್ಚಿಲ್ಲ. ಆದರೆ ಈ ಹುಡುಗಿ ಕ್ಷೇಮಸಮಾಚಾರ ಕೇಳಿ, ಊರಿನ ಸುದ್ದಿ ಹೇಳಿ, ಕಡೆಗೆ ವಿಷಯಕ್ಕೆ ಬರುತ್ತಾಳೆ. ಅವರಿಗೆ ವಿಷಯ ಮೊದಲ ಸಾಲಿನಲ್ಲೇ ಬೇಕು.’ ಎರಡನೆಯ ಸಲ ಅವಳು ತೇರ್ಗಡೆಯಾದಳು. ಅದರ ಮೇಲೆ ಔಷಧದ ಲೆಕ್ಕ ಮತ್ತು ಶುಶ್ರೂಷೆಯ ಬಗ್ಗೆ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ, ಬೆಂಗಳೂರಿನಲ್ಲಿ ಕ್ಷಯರೋಗದ ತಪಾಸಣೆ. ತಪಾಸಣೆಯ ಪತ್ರಕ್ಕೆ ಆರು ತಿಂಗಳ ಆಯುಸ್ಸು ಮಾತ್ರ. ಆದ್ದರಿಂದ ಯಾವುದು ಮೊದಲು, ಯಾವುದು ಕಡೆಗೆ ಎಂಬ ಕ್ರಮವನ್ನು ತಪ್ಪಿಸಿದರೆ ಹಣವೂ ದಂಡ, ಕಾಲವೂ ದಂಡ.

ಇಲ್ಲಿಯವರೆಗೆ ಹೇಳಿದ್ದನ್ನು ಯಾರಾದರೂ ಹೇಳಿಯಾರು. ನಾಲ್ಕನೆಯ ವಿಷಯವನ್ನು ಮನೆಗಳಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ಅದು ಬಿಟ್ಟುಹೋಗುವ ನೆಲದ ವಿಷಯ.

ನಮಗೆ ತಾತನ ಕಾಲದಿಂದ ಬಂದ ಮೂರು ಎಕರೆ ಕಾಫಿ ತೋಟ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದ ದಿನ ತಂದೆ ಬದುಕಿದ್ದಿರಲಿ, ಇಲ್ಲದಿರಲಿ, ಈ ಹಕ್ಕು ಉಂಟೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದೆ. ಅಕ್ಕ ಹೊರಡುವ ತಿಂಗಳಲ್ಲಿ ನೆಂಟರೊಬ್ಬರು ಅಪ್ಪನ ಕಿವಿಯಲ್ಲಿ ಹೇಳಿದರು: ‘ಹೋದವಳು ಮತ್ತೆ ಬಂದು ಕಳೆ ಕೀಳುತ್ತಾಳೆಯೆ? ಈಗಲೇ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಬಿಡಿ. ಆಮೇಲೆ ತಮ್ಮನಿಗೆ ತೊಂದರೆ ಬೇಡ.’ ಅಪ್ಪ ಪತ್ರ ಬರೆಸಿದರು. ಅಕ್ಕ ಓದಿಕೂಡ ನೋಡದೆ, ‘ಆಯ್ತಪ್ಪ, ಎಲ್ಲಿ ಹಾಕ್ಲಿ ಹೇಳಿ’ ಎಂದಳು. ಸತ್ಯವನ್ನು ಮರೆಮಾಚಲಾರೆ: ಆಗ ನನಗೂ ಅದು ಸರಿಯೆಂದೇ ತೋರಿತ್ತು. ತೋಟ ನೋಡಿಕೊಳ್ಳುವವನು ನಾನಲ್ಲವೆ?

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲು ಮೂರು ದಿನ ಇತ್ತು. ಅಕ್ಕನ ಬ್ಯಾಂಕ್ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸುವ ಬಗ್ಗೆ ವಿಚಾರಿಸುವಾಗ ನನಗೆ ಒಂದು ನಿಯಮ ತಿಳಿಯಿತು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ಕೆಳಗೆ 2019ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಹೊರದೇಶದಲ್ಲಿ ವಾಸಿಸುವ ಭಾರತೀಯರು ಇಲ್ಲಿ ಮನೆ ಕೊಳ್ಳಬಹುದು, ನಿವೇಶನ ಕೊಳ್ಳಬಹುದು. ಆದರೆ ಕೃಷಿ ಭೂಮಿಯನ್ನಾಗಲಿ, ಪ್ಲಾಂಟೇಷನ್ ತೋಟವನ್ನಾಗಲಿ ಕೊಳ್ಳುವಂತಿಲ್ಲ. ದಾನವಾಗಿಯೂ ಪಡೆಯುವಂತಿಲ್ಲ. ಮೊದಲೇ ತಮ್ಮದಾಗಿದ್ದ ಭೂಮಿಯನ್ನು ಇಟ್ಟುಕೊಳ್ಳಬಹುದು, ವಾರಸಿನಿಂದ ಬಂದುದನ್ನು ಪಡೆಯಬಹುದು, ಅಷ್ಟೆ. ಎಂದರೆ, ಅಕ್ಕ ಆ ದಿನ ರುಜು ಹಾಕಿದ್ದರೆ, ಅವಳು ಹೊರಗಿರುವವರೆಗೆ ನಾನೇ ಮನಸ್ಸು ಬದಲಾಯಿಸಿ ಹಿಂದಕ್ಕೆ ಕೊಡುತ್ತೇನೆಂದರೂ ಒಂದು ಗುಂಟೆಯನ್ನೂ ಕೊಡಲು ಬರುತ್ತಿರಲಿಲ್ಲ. ಒಂದು ವೇಳೆ ಅವಳು ಅಲ್ಲಿನ ಪೌರತ್ವ ಪಡೆದರೆ ಇಲ್ಲಿನ ಪೌರತ್ವವೂ ಹೋಗುತ್ತದೆ. ನಮ್ಮ ಸಂವಿಧಾನವೂ 1955ರ ಪೌರತ್ವ ಕಾಯಿದೆಯೂ ಎರಡು ಪೌರತ್ವವನ್ನು ಒಪ್ಪುವುದಿಲ್ಲ. 2005ರಿಂದ ಇರುವ ಸಾಗರೋತ್ತರ ಭಾರತೀಯ ಕಾರ್ಡು ಬಂದುಹೋಗಲು ಅನುಕೂಲವೇ ಹೊರತು ಅದರಿಂದಲೂ ತೋಟ ಕೊಳ್ಳಲು ಬಾರದು.

ಆ ರಾತ್ರಿ ಊಟದ ಹೊತ್ತಿನಲ್ಲಿ ನಾನು ಇದನ್ನು ಅಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ‘ಹಂಗಾದ್ರೆ ಅವಳು ಬರ್ತೀನಿ ಅಂದ್ರೂ ಜಾಗ ಇರಲ್ಲ ಅನ್ನು’ ಎಂದರು. ಬೆಳಿಗ್ಗೆ ಆ ಪತ್ರ ಅಟ್ಟ ಸೇರಿತು. ಅದರ ಬದಲು, ಬೆಳೆಸಾಲ ಮತ್ತು ಬ್ಯಾಂಕಿನ ವ್ಯವಹಾರಕ್ಕೆ ಬೇಕಾಗುವ ಅಧಿಕಾರ ಪತ್ರವನ್ನು ಮಾತ್ರ ಅಕ್ಕ ನನ್ನ ಹೆಸರಿಗೆ ಮಾಡಿಕೊಟ್ಟಳು. ನನ್ನ ಪಾಲು ಇದರಿಂದ ಅರ್ಧಕ್ಕೆ ನಿಂತಿತು ಎಂದು ಈಗಲೂ ಕೆಲವರು ಆಡಿಕೊಳ್ಳುವುದುಂಟು. ಆಡಲಿ.

ಇನ್ನು ನೆಲಸುವ ವಿಷಯ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣಕ್ಕೆ ಅಕ್ಕ ನವೆಂಬರಿನಲ್ಲಿ ತಲಪಿದಳು. ಮನೆ ಬಾಡಿಗೆಗೆ ಬ್ಯಾಂಕಿನ ಲೆಕ್ಕಪತ್ರ ಕೇಳಿದರು. ಬ್ಯಾಂಕಿನವರು ಮನೆಯ ವಿಳಾಸದ ಪುರಾವೆ ಕೇಳಿದರು. ಕಡೆಗೆ ಆಸ್ಪತ್ರೆಯವರು ಕೊಟ್ಟ ಪತ್ರದಿಂದ ಈ ಗಂಟು ಬಿಚ್ಚಿತು. ಸಂಬಳ ತಿಂಗಳ ಕೊನೆಗೆ. ಅಲ್ಲಿಯವರೆಗಿನ ಖರ್ಚನ್ನು ಇಲ್ಲಿಂದಲೇ ಒಯ್ಯಬೇಕು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆಲ್ಲ ಕತ್ತಲು. ನಮ್ಮ ಮಳೆಗಾಲದ ಮಬ್ಬಿನಲ್ಲಿ ಬೆಳೆದವಳಿಗೂ ಆ ಕತ್ತಲು ಭಾರವಾಯಿತಂತೆ. ಪರೀಕ್ಷೆಯ ಇಂಗ್ಲಿಷೇ ಬೇರೆ, ವಾರ್ಡಿನ ಇಂಗ್ಲಿಷೇ ಬೇರೆ. ಎದುರಾದವರು ‘ಆಲ್ ರೈಟ್?’ ಎಂದರೆ ಅಕ್ಕ ನಿಂತು ತನ್ನ ನೆಗಡಿಯ ಸಂಗತಿ ವಿವರಿಸುತ್ತಿದ್ದಳು. ಅದು ಬರಿಯ ನಮಸ್ಕಾರವೆಂದು ತಿಳಿಯಲು ಒಂದು ವಾರ ಬೇಕಾಯಿತು. ವೃದ್ಧೆಯೊಬ್ಬಳು ‘ಒಂದು ಪೆನ್ನಿ ಖರ್ಚು ಮಾಡಬೇಕು’ ಎಂದಾಗ ಇವಳು ಆಕೆಯ ಕೈಚೀಲ ಹುಡುಕಿಕೊಟ್ಟಳು. ಪಾಪ, ಆಕೆ ಕೇಳಿದ್ದು ಶೌಚಾಲಯಕ್ಕೆ ಹೋಗಲು ಸಹಾಯವನ್ನು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಹೋದ ಮೇಲೆ ಅಲ್ಲಿ ಇನ್ನೊಂದು ಪ್ರಾಯೋಗಿಕ ಪರೀಕ್ಷೆ, ಹತ್ತು ಹಂತಗಳದು. ಅದರಲ್ಲಿ ಉತ್ತೀರ್ಣರಾದರೆ ಮಾತ್ರ ನರ್ಸೆಂದು ನೋಂದಣಿ. ಆ ಮೂರು ತಿಂಗಳು ಅವಳು ಮನೆಗೆ ಫೋನು ಮಾಡಿದರೆ ಅಳುತ್ತಿದ್ದಳು, ಇಲ್ಲವೆ ಸುಮ್ಮನಿರುತ್ತಿದ್ದಳು. ಕೇರಳದ ಇಬ್ಬರು ನರ್ಸುಗಳು ತಮ್ಮ ಕೋಣೆಯಲ್ಲಿ ರಾತ್ರಿ ಹೊತ್ತು ಅಭ್ಯಾಸ ಮಾಡಿಸಿದರು. ಫೆಬ್ರವರಿಯಲ್ಲಿ ಉತ್ತೀರ್ಣಳಾದಳು. ಹೊಸ ನಾಡಿನಲ್ಲಿ ಮೊದಲು ಹುಡುಕಬೇಕಾದುದು ತನಗಿಂತ ಒಂದು ವರ್ಷ ಮುಂಚೆ ಬಂದವರನ್ನು ಎಂಬುದು ಅಕ್ಕನ ಅಭಿಪ್ರಾಯ.

ಹೀಗೆ ವಿಚಾರ ಮಾಡಿದರೆ, ಪರದೇಶಕ್ಕೆ ಹೋಗುವವರು ಒಯ್ಯಬೇಕಾದ ಸಾಮಾನಿನ ಪಟ್ಟಿಯಷ್ಟೇ ಮುಖ್ಯವಾದುದು ಬಿಟ್ಟುಹೋಗುವುದರ ಪಟ್ಟಿ. ಪತ್ರಗಳಲ್ಲಿ ಹೆಸರು ಒಂದೇ ಆಗಿರಲಿ. ಹಣ ಕೇಳುವವರ ನೋಂದಣಿ ನೋಡಿರಿ. ಭಾಷೆಗೆ ಬೇಕಾದಷ್ಟು ಕಾಲ ಕೊಡಿರಿ. ಆದರೆ ಹೊರಡುವ ಅವಸರದಲ್ಲಿ, ಹಿಂದಿರುಗುವ ದಾರಿಯನ್ನು ಮುಚ್ಚುವ ಕಾಗದಕ್ಕೆ ರುಜು ಹಾಕಬೇಡಿರಿ. ಮನೆಯವರೂ ಹಾಕಿಸಬಾರದು.

ಅಕ್ಕನ ಎದೆಯ ಮೇಲಿನ ಬಿಲ್ಲೆಯಲ್ಲಿ ಈಗ ‘ವನಗೂರು’ ಎಂದಿದೆ. ರೋಗಿಗಳು ಅದನ್ನು ನಾನಾ ವಿಧವಾಗಿ ಉಚ್ಚರಿಸುತ್ತಾರಂತೆ. ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ. ಕಳೆದ ಮಾರ್ಚಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳೇ ಫೋನು ಮಾಡಿ, ಅಪ್ಪನನ್ನು ಕರೆದು, ‘ಹೂಮಳೆ ಆಯ್ತಾ? ಎಷ್ಟು ಇಂಚು?’ ಎಂದು ಕೇಳಿದಳು. ಅಪ್ಪ ಮಳೆಮಾಪಕ ನೋಡಿ ಬರುವುದಾಗಿ ಹೇಳಿ ಅಂಗಳಕ್ಕೆ ಹೋದರು. ತೋಟದ ಪಾಲುದಾರಳಿಗೆ ಲೆಕ್ಕ ಒಪ್ಪಿಸುವುದು ನ್ಯಾಯವೇ ತಾನೆ?