ದೊಡ್ಡ ಕ್ಲಚ್ ಹಾಕಿದರೆ ಸಾಕೇ?

‘ಒಬ್ಬರ ಹತ್ತಿರ ಆರುನೂರು ಹಾರ್ಸ್‌ಪವರ್‌ನ ಸ್ಪೋರ್ಟ್ಸ್ ಕಾರು ಇದೆ. ಕ್ಲಚ್ ಸ್ಲಿಪ್ ಆಗ್ತಿದೆ. ಇದಕ್ಕಿಂತ ಒಳ್ಳೇದು ಹಾಕಿಕೊಡು ಅಂತ ನಿನ್ನ ಹತ್ತಿರ ಬಂದಿದ್ದಾರೆ. ಯಾವುದು ಹಾಕ್ತೀಯಪ್ಪ?’

ಕಾಲೇಜಿನ ರೇಸ್ ಕಾರ್ ತಂಡದ ಆಯ್ಕೆಗೆ ಕುಳಿತಾಗ ಸೀನಿಯರ್ ಒಬ್ಬರು ಕೇಳಿದ ಪ್ರಶ್ನೆ ಇದು. ನಾನು ಒಂದು ಕ್ಷಣವೂ ಯೋಚಿಸದೆ, ‘ಇರೋದ್ರಲ್ಲೇ ದೊಡ್ಡದು, ಗಟ್ಟಿ ಸ್ಪ್ರಿಂಗ್ ಇರೋದು ಹಾಕ್ತೀನಿ ಅಣ್ಣ’ ಅಂದೆ. ಅವರು ನಕ್ಕು, ‘ಕರೆರಾ ಜಿಟಿ ಕ್ಲಚ್ ಎಷ್ಟು ದೊಡ್ಡದಿದೆ, ನೋಡ್ಕೊಂಡು ಬಾ’ ಎಂದರು. ಮಾರನೇ ದಿನ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಬೇಜಾರಾಯಿತು. ಆದರೂ ಹುಡುಕಿ ನೋಡಿದೆ. ಪೋರ್ಷೆ ಕಂಪನಿ ಜರ್ಮನಿಯ ಲೈಪ್ಸಿಗ್ ಕಾರ್ಖಾನೆಯಲ್ಲಿ 2003ರಿಂದ 2006ರವರೆಗೆ ತಯಾರಿಸಿದ ಕಾರು ಕರೆರಾ ಜಿಟಿ. ಒಟ್ಟು ತಯಾರಾಗಿದ್ದು 1,270 ಮಾತ್ರ. 5.7 ಲೀಟರ್‌ನ ಹತ್ತು ಸಿಲಿಂಡರ್ ಎಂಜಿನ್, 612 ಪಿಎಸ್ ಶಕ್ತಿ, 590 ನ್ಯೂಟನ್ ಮೀಟರ್ ಟಾರ್ಕ್. ಇಷ್ಟನ್ನೂ ಗಿಯರ್‌ಬಾಕ್ಸ್‌ಗೆ ದಾಟಿಸುವ ಕ್ಲಚ್‌ನ ವ್ಯಾಸ ಬರೀ 169 ಮಿ.ಮೀ.! ನಮ್ಮ ರಸ್ತೆಯ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗಳ ಕ್ಲಚ್ ಪ್ಲೇಟೇ 180ರಿಂದ 200 ಮಿ.ಮೀ. ಆಸುಪಾಸು ಇರುತ್ತದೆ. ನಾನು ಹೇಳಿದ ಉತ್ತರ ಎಷ್ಟು ತಪ್ಪಾಗಿತ್ತು ಎಂದು ಆಗ ಗೊತ್ತಾಯಿತು.

ಪುಸ್ತಕದಲ್ಲೇ ಇತ್ತು ಉತ್ತರ

ನಾವೆಲ್ಲ ಪರೀಕ್ಷೆಗೆ ಉರು ಹೊಡೆಯುವ ಸೂತ್ರವೇ ಇದಕ್ಕೆ ಉತ್ತರ. ಕ್ಲಚ್ ಹೊರಬಲ್ಲ ಟಾರ್ಕ್ ಅಂದರೆ ಘರ್ಷಣಾ ಗುಣಾಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ, ಘರ್ಷಣೆಯ ಮೇಲ್ಮೈಗಳ ಸಂಖ್ಯೆ, ಈ ನಾಲ್ಕರ ಗುಣಲಬ್ಧ. ಒಂದು ಲೆಕ್ಕ ಮಾಡೋಣ. ಗುಣಾಂಕ 0.3, ಒತ್ತುವ ಬಲ 8,000 ನ್ಯೂಟನ್ ಎಂದಿಟ್ಟುಕೊಳ್ಳಿ. ಹತ್ತು ಸೆಂಟಿಮೀಟರ್ ತ್ರಿಜ್ಯದ ಒಂದೇ ಪ್ಲೇಟ್ ಇದ್ದರೆ ಎರಡು ಮೇಲ್ಮೈ. ಸಿಗುವುದು 480 ನ್ಯೂಟನ್ ಮೀಟರ್. 590ರ ಎಂಜಿನ್‌ಗೆ ಇದು ಸ್ಲಿಪ್ ಆಗುತ್ತದೆ. ತ್ರಿಜ್ಯವನ್ನು ಏಳು ಸೆಂಟಿಮೀಟರ್‌ಗೆ ಇಳಿಸಿ ಎರಡು ಪ್ಲೇಟ್ ಹಾಕಿ. ಮೇಲ್ಮೈ ನಾಲ್ಕಾಗುತ್ತದೆ, ಟಾರ್ಕ್ 672 ಆಗುತ್ತದೆ. ಚಿಕ್ಕದೇ ಗೆದ್ದಿತು!

ಕರೆರಾ ಜಿಟಿಯಲ್ಲಿ ಇರುವುದೂ ಎರಡು ಪ್ಲೇಟಿನ ಸೆರಾಮಿಕ್ ಕ್ಲಚ್. ಕ್ಲಚ್ ಚಿಕ್ಕದಾದ್ದರಿಂದ ಎಂಜಿನ್ನನ್ನು ಇನ್ನೂ ಕೆಳಗೆ ಕೂರಿಸಬಹುದು, ಕಾರಿನ ಗುರುತ್ವ ಕೇಂದ್ರ ತಗ್ಗುತ್ತದೆ. ತಿರುಗುವ ಜಡತ್ವ ಕಡಿಮೆಯಾಗಿ ಎಂಜಿನ್ ಸರಕ್ಕನೆ ವೇಗ ಏರಿಸುತ್ತದೆ.

ಸುಮ್ಮನೆ ಸಿಗುವುದಿಲ್ಲ

ಆದರೆ ಪ್ರತಿ ಲಾಭಕ್ಕೂ ಒಂದು ಬೆಲೆ ಇದೆ. ಒತ್ತುವ ಬಲ ಹೆಚ್ಚಿಸಿದರೆ ಪೆಡಲ್ ಗಟ್ಟಿಯಾಗಿ, ಟ್ರಾಫಿಕ್‌ನಲ್ಲಿ ಎಡಗಾಲು ಸೋಲುತ್ತದೆ. ಸಿಂಟರ್ಡ್ ಲೋಹದ ಪ್ಲೇಟ್ ಶಾಖ ತಡೆಯುತ್ತದೆ. ಆದರೆ ಮೆತ್ತಗೆ ಕಚ್ಚದೆ ಕಾರನ್ನು ಜರ್ಕ್ ಹೊಡೆಸುತ್ತದೆ. ಪ್ಲೇಟ್ ಹೆಚ್ಚಾದಂತೆ ಸದ್ದೂ ಖರ್ಚೂ ಹೆಚ್ಚು. ಜಡತ್ವ ಕಡಿಮೆಯಾದರೆ ಹೊರಡುವಾಗ ಎಂಜಿನ್ ಬೇಗ ಆಫ್ ಆಗುತ್ತದೆ. ಕರೆರಾ ಜಿಟಿ ಈ ವಿಷಯದಲ್ಲಿ ಕುಖ್ಯಾತ. ಅದನ್ನು ಓಡಿಸುವವರಿಗೆ ಮೊದಲು ಸಿಗುವ ಸಲಹೆಯೇ ‘ಆಕ್ಸಿಲರೇಟರ್ ಮುಟ್ಟಬೇಡಿ, ಕ್ಲಚ್ ನಿಧಾನವಾಗಿ ಬಿಡಿ, ಕಾರು ತಾನೇ ಹೊರಡುತ್ತದೆ’ ಎಂಬುದು.

ಈ ಸಲಹೆಯ ಹಿಂದೆಯೂ ಲೆಕ್ಕವಿದೆ. ಎಂಜಿನ್ ವೇಗ ಒಂದೇ ಸಮನೆ ಇಟ್ಟು ಹೊರಟರೆ, ಕಾರಿಗೆ ಸಿಗುವ ಚಲನಶಕ್ತಿಯಷ್ಟೇ ಶಾಖ ಕ್ಲಚ್‌ನಲ್ಲಿ ಹುಟ್ಟುತ್ತದೆ. 1,380 ಕೆ.ಜಿ. ತೂಗುವ ಈ ಕಾರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಕ್ಲಚ್ ಪೂರ್ತಿ ಕಚ್ಚಿದರೆ ಸುಮಾರು 21 ಕಿಲೋಜೂಲ್ ಶಾಖ. ಎಂಜಿನ್ ವೇಗ ಎರಡು ಪಟ್ಟು ಮಾಡಿ ಹೊರಟರೆ 40 ಕಿ.ಮೀ.ನಲ್ಲಿ ಕಚ್ಚುತ್ತದೆ, ಶಾಖ ನಾಲ್ಕು ಪಟ್ಟು, ಸುಮಾರು 85 ಕಿಲೋಜೂಲ್. ಘಾಟಿ ಹತ್ತುವಾಗ ಹಾಫ್ ಕ್ಲಚ್‌ನಲ್ಲೇ ಸಾಗುವ ಗಾಡಿಯಿಂದ ಬರುವ ಸುಟ್ಟ ವಾಸನೆ ನೆನಪಿದೆಯಲ್ಲ? ಅದೂ ಇದೇ ಕಥೆ.

ಇನ್ನೊಂದು ಮುಖ್ಯ ಸಂಗತಿ. ಕ್ಲಚ್ ಒಂಥರಾ ಫ್ಯೂಸ್ ಇದ್ದ ಹಾಗೆ. ಅತಿಯಾದ ಹೊಡೆತ ಬಿದ್ದಾಗ ಅದು ಸ್ಲಿಪ್ ಆಗಿ ಗಿಯರ್‌ಬಾಕ್ಸನ್ನು ಉಳಿಸುತ್ತದೆ. ಅಗತ್ಯಕ್ಕಿಂತ ಬಹಳ ಗಟ್ಟಿ ಕ್ಲಚ್ ಹಾಕಿದರೆ ಆ ಹೊಡೆತವೆಲ್ಲ ಗಿಯರ್ ಹಲ್ಲುಗಳಿಗೆ, ಡ್ರೈವ್ ಶಾಫ್ಟ್‌ಗೆ ಹೋಗುತ್ತದೆ. ಕ್ಲಚ್ ಉಳಿಸಲು ಹೋಗಿ ಅದಕ್ಕಿಂತ ದುಬಾರಿ ಭಾಗ ಕಳೆದುಕೊಂಡಂತೆ.

ಕ್ಲಚ್ ಪೆಡಲೇ ಇಲ್ಲದ ಕಾರುಗಳ ಪಾಡು ಬೇರೆ. ಫೆರಾರಿ 1997ರಲ್ಲಿ ಎಫ್355 ಕಾರಿಗೆ ಸ್ಟೀರಿಂಗ್ ಹಿಂದೆ ಪ್ಯಾಡಲ್ ಕೊಟ್ಟು, ಕ್ಲಚ್ ಒತ್ತುವ ಕೆಲಸವನ್ನು ಹೈಡ್ರಾಲಿಕ್ಸ್ ಮತ್ತು ಕಂಪ್ಯೂಟರ್‌ಗೆ ವಹಿಸಿತು. ಇಂಥ ಕಾರುಗಳಿಗೆ ಹೊಸ ಕ್ಲಚ್ ಬಿಗಿದರೆ ಕೆಲಸ ಮುಗಿಯುವುದಿಲ್ಲ. ಅದು ಎಲ್ಲಿ ಕಚ್ಚಲು ಶುರುಮಾಡುತ್ತದೆ ಎಂಬ ಬಿಂದುವನ್ನು ಕಂಪ್ಯೂಟರ್‌ಗೆ ಕಲಿಸಬೇಕು. ಅದು ತಪ್ಪಿದರೆ ಎಷ್ಟೇ ದುಬಾರಿ ಕ್ಲಚ್ ಆದರೂ ಬೇಗ ಸವೆಯುತ್ತದೆ. ಮೆಕ್ಯಾನಿಕಲ್ ಹುಡುಗರೂ ಸಾಫ್ಟ್‌ವೇರ್ ಕಲಿಯಬೇಕು ಎಂದು ಲೆಕ್ಚರರ್‌ಗಳು ಹೇಳುವುದು ಸುಮ್ಮನೆ ಅಲ್ಲ.

ಮೊದಲು ಕೇಳಬೇಕಿತ್ತು

ಈಗ ಅನ್ನಿಸುತ್ತದೆ, ಆ ಸೀನಿಯರ್ ನನ್ನಿಂದ ಕ್ಲಚ್‌ನ ಹೆಸರು ಬಯಸಿರಲಿಲ್ಲ. ಕಾರು ಓಡುವುದು ಟ್ರ್ಯಾಕ್‌ನಲ್ಲೋ, ಊರಿನ ಟ್ರಾಫಿಕ್‌ನಲ್ಲೋ? ಎಂಜಿನ್‌ನ ಟಾರ್ಕ್ ಎಷ್ಟು? ಕ್ಲಚ್ ಸ್ಲಿಪ್ ಆಗುತ್ತಿರುವುದು ಸವೆದಿದ್ದಕ್ಕೋ, ಎಣ್ಣೆ ಸೋರಿ ಪ್ಲೇಟಿಗೆ ತಾಗಿದ್ದಕ್ಕೋ? ಎಣ್ಣೆ ಸೋರುತ್ತಿದ್ದರೆ ಎಂಥ ಹೊಸ ಕ್ಲಚ್ ಹಾಕಿದರೂ ಪ್ರಯೋಜನವಿಲ್ಲ. ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ನಾನು ತಿರುಗಿ ಕೇಳಬೇಕಿತ್ತು.

ಇಂಟರ್‌ವ್ಯೂನಲ್ಲಿ ತಡಮಾಡಿದರೆ ದಡ್ಡ ಅಂದುಕೊಳ್ಳುತ್ತಾರೆ ಎಂಬ ಭಯ ನಮಗೆಲ್ಲ ಇದೆ. ಅದಕ್ಕೇ ಪಟ್ಟನೆ ಉತ್ತರ ಕೊಟ್ಟುಬಿಡುತ್ತೇವೆ. ಆದರೆ ಯಾರದೋ ಕಾರನ್ನು ನಿಜವಾಗಿ ಬಿಚ್ಚುವಾಗ ಪಟ್ಟನೆ ಕೊಟ್ಟ ತಪ್ಪು ಉತ್ತರಕ್ಕೆ ದುಡ್ಡು ಕಟ್ಟುವವರು ಬೇರೆಯವರು.

ಮುಂದಿನ ತಿಂಗಳು ತಂಡದ ಆಯ್ಕೆ ಮತ್ತೆ ಇದೆ. ಹೆಸರು ಕೊಟ್ಟಿದ್ದೇನೆ. ಈ ಸಲ ಅದೇ ಪ್ರಶ್ನೆ ಬಂದರೆ, ನನ್ನ ಮೊದಲ ಮಾತು: ‘ಅಣ್ಣ, ಆ ಕಾರು ಎಲ್ಲಿ ಓಡುತ್ತೆ?’