ಹಳೆಯ ದವಡೆ, ನಮ್ಮೂರ ನಾಯಿ

ಸಾವಿರಾರು ವರ್ಷ ಮಣ್ಣಲ್ಲಿ ಹೂತುಹೋದ ನಾಯಿಯ ಅಸ್ಥಿಪಂಜರ ಇಡಿಯಾಗಿ ಸಿಗುವುದು ಅಪರೂಪ. ತಲೆಬುರುಡೆಯ ಮೂಳೆ ತೆಳು. ಮಣ್ಣಿನ ಭಾರಕ್ಕೆ ಚೂರಾಗುತ್ತದೆ. ಕೆಳದವಡೆ ಗಟ್ಟಿ. ಹಲ್ಲುಗಳ ಸಮೇತ ಉಳಿದುಬರುವುದು ಹೆಚ್ಚಾಗಿ ಅದೇ. ತೋಳದ ಕುಲದ ಪ್ರಾಣಿಯೊಂದು ಮನುಷ್ಯನ ಅಂಗಳಕ್ಕೆ ಬಂದ ಕಥೆಯನ್ನು ವಿಜ್ಞಾನಿಗಳು ಈ ಮೂಳೆಯಲ್ಲಿ ಹುಡುಕುತ್ತಾರೆ.

ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ಸಿಕ್ಕ ಪ್ರಾಣಿಮೂಳೆಗಳನ್ನು ಪರೀಕ್ಷಿಸಿ 1971ರಲ್ಲಿ ವರದಿ ಮಾಡಿದವರು ಕೆ.ಆರ್. ಆಲೂರ್. ಅವರು ಪಶುವೈದ್ಯರೂ ಆಗಿದ್ದರು. ದನ, ಕುರಿ, ಮೇಕೆ ಸಾಕಿಕೊಂಡಿದ್ದ ದಕ್ಷಿಣದ ನವಶಿಲಾಯುಗದ ಜನರ ನೆಲೆಗಳಲ್ಲಿ ನಾಯಿಯ ಮೂಳೆಗಳೂ ಕಂಡಿವೆ. ಆದರೆ ಕರ್ನಾಟಕದ ಮಣ್ಣಿನಿಂದ ಎದ್ದ ದವಡೆ ನಾಯಿಯದೇ ಎಂದು ಹೇಳುವುದು ಸುಲಭವಲ್ಲ. ತೋಳ, ಗುಳ್ಳೆನರಿ, ಸೀಳುನಾಯಿ ಎಲ್ಲವೂ ಈ ನೆಲದವೇ. ಸೀಳುನಾಯಿಯನ್ನು ಬೇಗ ಗುರುತಿಸಬಹುದು: ಕೆಳದವಡೆಯ ಒಂದೊಂದು ಬದಿಯ ಹಿಂಭಾಗದಲ್ಲಿ ನಾಯಿಗೆ ಮೂರು ಅರೆಯುವ ಹಲ್ಲುಗಳಿದ್ದರೆ ಸೀಳುನಾಯಿಗೆ ಎರಡೇ. ಗುಳ್ಳೆನರಿಯ ದವಡೆ ಸಪೂರ. ನಿಜವಾದ ತೊಡಕು ತೋಳದ್ದು. ಯುರೋಪಿನ ತೋಳ ದೊಡ್ಡ ಪ್ರಾಣಿಯಾದ್ದರಿಂದ ಅಲ್ಲಿ ಚಿಕ್ಕ ದವಡೆ ಸಿಕ್ಕರೆ ನಾಯಿಯ ಗುಮಾನಿ ಹುಟ್ಟುತ್ತದೆ. ಕೊಪ್ಪಳದ ಕುರುಚಲು ಬಯಲಲ್ಲಿ ಈಗಲೂ ಓಡಾಡುವ ನಮ್ಮ ತೋಳವೋ ಮೈಯಲ್ಲೇ ಸಣ್ಣದು. ಅಲ್ಲಿಯ ಅಳತೆಗೋಲು ಇಲ್ಲಿ ಸಲ್ಲದು.

ಯುರೋಪಿನಲ್ಲೂ ಎಡವಟ್ಟುಗಳಾಗಿವೆ. 1914ರಲ್ಲಿ ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್‌ನ ಕಲ್ಲುಗಣಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ಹೂಳಿದ್ದ ಪ್ರಾಣಿಯೊಂದರ ದವಡೆ ಸಿಕ್ಕಿತು. ಅದನ್ನು ತೋಳದ್ದೆಂದು ಎತ್ತಿಟ್ಟರು. ನಾಯಿಯದೆಂದು ತಿಳಿದದ್ದು 1970ರ ದಶಕದ ಕೊನೆಯಲ್ಲಿ. ಸುಮಾರು 14,000 ವರ್ಷ ಹಿಂದಿನ ಆ ಮರಿ ಏಳು ತಿಂಗಳಿಗೆ ಸತ್ತಿತ್ತು. ಅದಕ್ಕೆ ಡಿಸ್ಟೆಂಪರ್ ರೋಗ ಬಡಿದಿತ್ತೆಂಬುದನ್ನು ಅದರ ಹಲ್ಲಿನ ಎನಾಮಲ್ ತೋರಿಸಿತು. ಅಷ್ಟು ಕಾಯಿಲೆಬಿದ್ದ ಮರಿ ವಾರಗಟ್ಟಲೆ ಬದುಕಿತ್ತೆಂದರೆ ಯಾರೋ ಆರೈಕೆ ಮಾಡಿರಲೇಬೇಕೆಂದು 2018ರಲ್ಲಿ ಸಂಶೋಧಕರು ವಾದಿಸಿದರು. ಬೇಟೆಗೂ ಕಾವಲಿಗೂ ಬಾರದ ಮರಿ ಅದು. ನನಗೆ ಈ ಇಡೀ ಶಾಸ್ತ್ರದಲ್ಲೇ ಅತ್ಯಂತ ಬೆಲೆಬಾಳುವ ಸಾಕ್ಷ್ಯವೆನಿಸುವುದು ಇದೇ.

ಈಗ ಬರೀ ಉದ್ದಗಲ ಅಳೆದು ಬಿಡುವುದಿಲ್ಲ. ದವಡೆಯ ಮೂರು ಆಯಾಮದ ಚಿತ್ರ ತೆಗೆದು ಅದರ ಮೇಲೆ ಗೊತ್ತಾದ ಬಿಂದುಗಳನ್ನು ಗುರುತಿಸುತ್ತಾರೆ: ಕೋರೆಹಲ್ಲಿನ ಬುಡ, ಮಾಂಸ ಕತ್ತರಿಸುವ ದೊಡ್ಡ ಹಲ್ಲು, ಕಿವಿಯ ಬಳಿಯ ಕೀಲು, ಕಚ್ಚುವ ಸ್ನಾಯು ಅಂಟಿಕೊಳ್ಳುವ ಎತ್ತರದ ಅಲಗು. ಎಲ್ಲವನ್ನೂ ಒಂದೇ ಗಾತ್ರಕ್ಕೆ ತಂದು ಮೇಲೆ ಮೇಲೆ ಇಟ್ಟಾಗ ಆಕಾರದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಕೊಲೀನ್ ಬ್ರಾಸಾರ್ ಮತ್ತು ಸಂಗಡಿಗರು ಕ್ರಿ.ಪೂ. 8100ರಿಂದ 3000ರವರೆಗಿನ ಯುರೋಪಿನ 525 ನಾಯಿ ದವಡೆಗಳನ್ನು ಹೀಗೆ ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದರು. ಆಗಲೇ ನಾಯಿಗಳಲ್ಲಿ ಸಾಕಷ್ಟು ವೈವಿಧ್ಯವಿತ್ತು. ಆದರೆ ಇಂದಿನ ಮೋಟುಮೂತಿಯ ತಳಿಗಳಂಥವಾಗಲಿ, ಅತಿ ಉದ್ದ ಮೂತಿಯವಾಗಲಿ ಒಂದೂ ಇರಲಿಲ್ಲ. ದವಡೆಯ ಮುಂಭಾಗಕ್ಕೂ ಹಿಂಭಾಗಕ್ಕೂ ಇದ್ದ ಆಕಾರದ ಹೊಂದಾಣಿಕೆ ಇಂದಿನಷ್ಟು ಬಿಗಿಯಾಗಿರಲಿಲ್ಲ. ಮನುಷ್ಯ ಬೇಕೆಂದೇ ಆರಿಸಿ ತಳಿ ಬೆಳೆಸಿದ್ದು ಆಗ ಕಡಿಮೆ ಎಂಬುದು ಅದರ ಸೂಚನೆ. ಕಚ್ಚಲು, ಅಗಿಯಲು ಮುಖ್ಯವಾದ ಭಾಗಗಳಲ್ಲೂ ಹಳೆಯ ದವಡೆ ಬೇರೆ. ಆಹಾರ, ಪೈಪೋಟಿ, ಬೇಟೆ ಇದಕ್ಕೆ ಕಾರಣವಿರಬಹುದು.

ಇಲ್ಲೇ ನಮ್ಮ ಬೀದಿನಾಯಿಗಳು ನೆನಪಾಗುವುದು. ಬೆಂಗಳೂರಿನ ರಾಜಾಜಿನಗರ, ವಿಜಯನಗರದ ರಸ್ತೆಗಳಲ್ಲಿ ಬೆಳಿಗ್ಗೆ ಬೆಲ್ಟಿಗೆ ಕಟ್ಟಿಸಿಕೊಂಡು ಬರುವ ಪಗ್‌ನ ದವಡೆ ಮನುಷ್ಯ ತಿದ್ದಿದ್ದು; ಕೋಳಿ ಅಂಗಡಿಯ ಮುಂದೆ ಕಾದು ಕೂತ ಬೀದಿನಾಯಿಯ ದವಡೆಯನ್ನು ಯಾರೂ ಆರಿಸಿಲ್ಲ. ತಾನೇ ಜೋಡಿ ಹುಡುಕಿ, ಸಿಕ್ಕಿದ್ದು ತಿಂದು, ಇತರ ನಾಯಿಗಳೊಡನೆ ಕಾದಾಡಿ ಬದುಕುವ ನಾಯಿ ಅದು. ಹಳ್ಳೂರಿನಂಥ ನೆಲೆಯ ದವಡೆಯನ್ನು ಹೋಲಿಸಿ ನೋಡಲು ಸಾಕುತಳಿಗಿಂತ ಇದೇ ಸರಿಯಾದ ಜೊತೆ. ನಗರದೊಳಗೆ ವಿದೇಶಿ ತಳಿಗಳ ರಕ್ತ ಬೆರೆತಿರುವುದರಿಂದ ಕೆಂಗೇರಿ ದಾಟಿದ ಮೇಲಿನ ಹಳ್ಳಿಗಳ ನಾಯಿಗಳು ಇನ್ನೂ ಒಳ್ಳೆಯವು. ಸಹಜವಾಗಿ ಸತ್ತ ಇಂಥ ನಾಯಿಗಳ ದವಡೆಗಳನ್ನು ವಯಸ್ಸು, ಲಿಂಗ, ಊರು, ತಿನ್ನುತ್ತಿದ್ದ ಆಹಾರ ಬರೆದಿಟ್ಟು, ನಮ್ಮ ತೋಳದ ದವಡೆಗಳ ಪಕ್ಕದಲ್ಲೇ ಜೋಡಿಸಿಡುವ ಕೆಲಸ ಪಶುವೈದ್ಯಕೀಯ ಕಾಲೇಜುಗಳಿಂದ ಆಗಬೇಕು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ; ಮೂಳೆ ಶುಚಿ ಮಾಡಿ, ಚೀಟಿ ಕಟ್ಟಿ, ಕಾಪಾಡುವ ತಾಳ್ಮೆ ಬೇಕು.